ಕಮೂ: ಮೂರು ಮೂರಾಗಿ ಓದಬೇಕಾದ ಲೇಖಕ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1941ರ ಫೆಬ್ರವರಿ 21ರಂದು ಫ್ರೆಂಚ್ ಲೇಖಕ ಆಲ್ಬೆರ್ ಕಮೂ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡರು: 'ಸಿಸಿಫಸ್' ಮುಗಿಯಿತು, ಮೂರು ಅಸಂಗತಗಳೂ ಪೂರ್ತಿಯಾದವು. ಆಗ ಅವರಿಗೆ 27 ವರ್ಷ. ಅಲ್ಜಿಯರ್ಸ್‌ನಲ್ಲಿ ಎರಡು ಸಣ್ಣ ಪ್ರಬಂಧ ಸಂಕಲನ ಬಂದಿದ್ದು ಬಿಟ್ಟರೆ ಪ್ಯಾರಿಸ್ಸಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಮೂರು ಅಂದರೆ ಒಂದು ಕಾದಂಬರಿ, ಒಂದು ತಾತ್ವಿಕ ಪ್ರಬಂಧ, ಒಂದು ನಾಟಕ: 'ಔಟ್‌ಸೈಡರ್', 'ಮಿಥ್ ಆಫ್ ಸಿಸಿಫಸ್', 'ಕಲಿಗುಲಾ'. ಮೂರರ ವಿಷಯವೂ ಅಸಂಗತ, ಅಂದರೆ ಅರ್ಥ ಕೇಳುವ ಮನುಷ್ಯನಿಗೆ ಜಗತ್ತು ಉತ್ತರ ಕೊಡದ ಸ್ಥಿತಿ. ಒಂದೇ ವಿಷಯವನ್ನು ಮೂರು ಪ್ರಕಾರಗಳಲ್ಲಿ ಏಕಕಾಲಕ್ಕೆ ಬರೆಯುವುದು ಅವರ ಕೆಲಸದ ಪದ್ಧತಿ. ಮುಂದಿನ ಸುತ್ತಿನ ವಿಷಯ ಬಂಡಾಯ. ಅಲ್ಲಿಯೂ ಹಾಗೆಯೇ: 'ಪ್ಲೇಗ್', 'ರೆಬೆಲ್', 'ದಿ ಜಸ್ಟ್'. ಮೂರನೆಯ ಸುತ್ತು ಪ್ರೀತಿಯದು ಎಂದು ಯೋಜಿಸಿದ್ದರು. ಅದು ಮುಗಿಯಲಿಲ್ಲ.

ನಮ್ಮಲ್ಲಿ ಕಮೂ ಓದುವುದು ಸಾಮಾನ್ಯವಾಗಿ ಹೀಗೆ: ಕಾಲೇಜಿನಲ್ಲಿ 'ಔಟ್‌ಸೈಡರ್' ಓದುತ್ತೇವೆ, ಬೆಟ್ಟದ ಮೇಲೆ ಕಲ್ಲೇರಿಸಿ, ಅದು ಉರುಳಿದಾಗಲೆಲ್ಲ ಮತ್ತೆ ಏರಿಸುವ ಶಿಕ್ಷೆ ಪಡೆದ ಗ್ರೀಕ್ ಪುರಾಣದ ಸಿಸಿಫಸ್ ಕಥೆ ಎಲ್ಲೋ ಕೇಳಿರುತ್ತೇವೆ, ಬದುಕಿಗೆ ಅರ್ಥವಿಲ್ಲ ಎಂದ ಲೇಖಕ ಎಂದು ತೀರ್ಮಾನಿಸಿ ಮುಂದೆ ಹೋಗುತ್ತೇವೆ. ಆರು ಪುಸ್ತಕಗಳ ಒಂದು ವಾದದಲ್ಲಿ ಮೊದಲನೆಯದನ್ನಷ್ಟೇ ಓದಿ ತೀರ್ಪು ಕೊಟ್ಟಂತೆ ಅದು. ನವ್ಯದ ಕಾಲದಲ್ಲಿ ಕನ್ನಡಕ್ಕೆ ಕಮೂ, ಸಾರ್ತ್ರ, ಕಾಫ್ಕಾ ಎಲ್ಲರೂ ಒಂದೇ ಮೂಟೆಯಲ್ಲಿ ಬಂದದ್ದರಿಂದ ಈ ತಪ್ಪು ಇನ್ನೂ ಗಟ್ಟಿಯಾಯಿತು ಅನ್ನಿಸುತ್ತದೆ. ತಾನು ಸಾರ್ತ್ರರಂತೆ ಅಸ್ತಿತ್ವವಾದಿಯಲ್ಲ ಎಂದು ಕಮೂ 1945ರಲ್ಲೇ ಸಂದರ್ಶನವೊಂದರಲ್ಲಿ ಹೇಳಿದ್ದರು. ಕೇಳಿದವರು ಕಡಿಮೆ.

ಆರನ್ನೂ ಒಟ್ಟಿಗೆ ಇಟ್ಟು ಓದಿದರೆ ಒಂದು ಅಭ್ಯಾಸ ಎದ್ದು ಕಾಣುತ್ತದೆ. ಎಷ್ಟೇ ದೊಡ್ಡ ವಿಚಾರವಾದರೂ ಅದನ್ನು ಒಂದು ಜೀವಂತ ದೇಹದ ಎದುರು ನಿಲ್ಲಿಸಿ, ಈ ವಿಚಾರಕ್ಕಾಗಿ ಈ ದೇಹವನ್ನು ಕೊಲ್ಲಬಹುದೇ ಎಂದು ಕೇಳುವುದು. ಕಮೂ ಎಲ್ಲಿ ಗೆದ್ದರು, ಎಲ್ಲಿ ಸೋತರು ಎರಡನ್ನೂ ಈ ಪ್ರಶ್ನೆಯಿಂದಲೇ ಅಳೆಯಬಹುದು.

ಹುಟ್ಟಿದ್ದು 1913ರ ನವೆಂಬರ್ 7, ಆಗ ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದ ಮೊಂದೊವಿಯಲ್ಲಿ. ತಂದೆ ಲೂಸಿಯೆನ್ ದ್ರಾಕ್ಷಿಮದ್ಯದ ಕಂಪನಿಯ ನೌಕರ. ಮೊದಲ ಮಹಾಯುದ್ಧದ ಮಾರ್ನ್ ಕದನದಲ್ಲಿ ಗಾಯಗೊಂಡು 1914ರ ಅಕ್ಟೋಬರಿನಲ್ಲಿ ಸೇಂಟ್ ಬ್ರಿಯೂಕ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗುವಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ತಾಯಿ ಕ್ಯಾಥರಿನ್ ಮನೆಗೆಲಸ ಮಾಡಿ ಸಾಕಿದರು. ಅವರಿಗೆ ಕಿವಿ ಮಂದ, ಓದು ಬರಹ ಬರುತ್ತಿರಲಿಲ್ಲ. ಅಲ್ಜಿಯರ್ಸ್‌ನ ಕೂಲಿಕಾರರ ಬಡಾವಣೆ ಬೆಲ್ಕೂರಿನ ಆ ಮನೆಯಲ್ಲಿ ಯಜಮಾನಿಕೆ ಅಜ್ಜಿಯದು, ಅವರ ಕೈಯಲ್ಲಿ ಚಾಟಿ. ಮೊಮ್ಮಗ ಬೇಗ ದುಡಿಯಲಿ ಎಂಬುದು ಅಜ್ಜಿಯ ಇಷ್ಟ. ಲೂಯಿ ಜೆರ್ಮೆನ್ ಎಂಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಹುಡುಗನಿಗೆ ವಿದ್ಯಾರ್ಥಿವೇತನದ ಪರೀಕ್ಷೆಗೆ ಪ್ರತ್ಯೇಕ ಪಾಠ ಹೇಳಿ, ಅಜ್ಜಿಯನ್ನೂ ಒಪ್ಪಿಸಿದ್ದರಿಂದ 1924ರಲ್ಲಿ ಲಿಸೆ ಎಂಬ ಪ್ರೌಢಶಾಲೆ ಸೇರಲು ಸಾಧ್ಯವಾಯಿತು. 1957ರಲ್ಲಿ ನೊಬೆಲ್ ಬಂದಾಗ ಕಮೂ ಆ ಮೇಷ್ಟ್ರಿಗೆ ಪತ್ರ ಬರೆದು, ಸುದ್ದಿ ಕೇಳಿದಾಗ ಅಮ್ಮನ ನಂತರ ಮೊದಲು ನೆನಪಾದವರು ನೀವು ಎಂದರು. ಸ್ವೀಡನ್ನಿನಲ್ಲಿ ಮಾಡಿದ ಭಾಷಣಗಳನ್ನು ಪುಸ್ತಕವಾಗಿ ತಂದಾಗ ಅದನ್ನೂ ಅವರಿಗೇ ಅರ್ಪಿಸಿದರು.

17ನೇ ವಯಸ್ಸಿನಲ್ಲಿ ಕ್ಷಯ ಹಿಡಿಯಿತು. ಇದನ್ನು ಜೀವನಚರಿತ್ರೆಯ ಒಂದು ಸಾಲಾಗಿ ದಾಟಿಬಿಡಬಾರದು. ಗೋಲ್‌ಕೀಪರ್ ಆಗಿದ್ದ ಹುಡುಗನ ಫುಟ್‌ಬಾಲ್ ನಿಂತಿತು. 1936ರಲ್ಲಿ ಪ್ಲೊಟಿನಸ್ ಮತ್ತು ಸಂತ ಅಗಸ್ಟೀನರ ಮೇಲೆ ಪ್ರಬಂಧ ಬರೆದು ತತ್ವಶಾಸ್ತ್ರದ ಡಿಪ್ಲೊಮಾ ಪಡೆದರು. ಆದರೆ ಫ್ರಾನ್ಸಿನಲ್ಲಿ ಅಧ್ಯಾಪಕರಾಗಲು ಬರೆಯಬೇಕಾದ ಅಗ್ರೆಗಾಸಿಯೋಂ ಪರೀಕ್ಷೆಗೆ ಕೂರಲು ಆರೋಗ್ಯದ ಕಾರಣದಿಂದ ಬಿಡಲಿಲ್ಲ. ತತ್ವಜ್ಞಾನಿ ಸಾರ್ತ್ರ, ಅವರ ಸಂಗಾತಿ ಸಿಮೋನ್ ದ ಬೊವಾರ್ ಆ ಪರೀಕ್ಷೆಯಲ್ಲಿ ಮೊದಲ ಎರಡು ಸ್ಥಾನ ಪಡೆದವರು. ಕಮೂ ಮಾತ್ರ ಪತ್ರಿಕೆ ಮತ್ತು ರಂಗಭೂಮಿಯ ಕಡೆಯಿಂದ ತತ್ವಶಾಸ್ತ್ರಕ್ಕೆ ಬಂದರು. ಮುಂದೆ ಸಾರ್ತ್ರರೊಂದಿಗಿನ 1952ರ ಜಗಳದಲ್ಲಿ ಈ ವ್ಯತ್ಯಾಸ ಮುಳ್ಳಿನಂತೆ ಚುಚ್ಚಿತು.

ಪತ್ರಿಕೆಯ ಕೆಲಸದಲ್ಲಿ ಒಂದನ್ನು ಹೇಳಲೇಬೇಕು. 1939ರ ಜೂನ್‌ನಲ್ಲಿ 'ಅಲ್ಜೆ ರೆಪ್ಯುಬ್ಲಿಕೆನ್' ಪತ್ರಿಕೆಗಾಗಿ ಕಬೀಲಿಯಾ ಗುಡ್ಡಗಾಡಿಗೆ ಹೋಗಿ ಅಲ್ಲಿಯ ಬಡತನದ ಮೇಲೆ 11 ಲೇಖನ ಬರೆದರು. ಧಾನ್ಯ ಹಂಚಿಕೆ ಎಷ್ಟು, ಕೂಲಿ ಎಷ್ಟು, ಶಾಲೆಗಳು ಎಷ್ಟು ಎಂದು ಲೆಕ್ಕ ಇಟ್ಟು ಬರೆದ ವರದಿಗಳವು. ತೀಜಿ ಊಜೂ ಊರಿನಲ್ಲಿ ಬೆಳಗಿನ ಜಾವ ಚಿಂದಿ ತೊಟ್ಟ ಮಕ್ಕಳು ಕಸದ ತೊಟ್ಟಿಗಾಗಿ ನಾಯಿಗಳೊಂದಿಗೆ ಕಾದಾಡುವುದನ್ನು ನೋಡಿ ಬರೆದರು. ಕೂಲಿ ಸಾಲದು ಎಂದು ಕೇಳಿದ್ದೆ, ಅದು ಅವಮಾನಕರ ಎಂದು ತಿಳಿದಿರಲಿಲ್ಲ ಎಂಬ ಮಾತೂ ಅಲ್ಲಿಯದೇ. ಮರುವರ್ಷ ಜನವರಿಯಲ್ಲಿ, ಅವರು ಸಂಪಾದಿಸುತ್ತಿದ್ದ ಇನ್ನೊಂದು ಪತ್ರಿಕೆಯನ್ನು ಸರ್ಕಾರ ನಿಲ್ಲಿಸಿತು. ಅಲ್ಜಿಯರ್ಸ್‌ನಲ್ಲಿ ಕೆಲಸ ಸಿಗುವಂತಿರಲಿಲ್ಲ, ಪ್ಯಾರಿಸ್ಸಿಗೆ ಹೊರಟರು.

ಈಗ ಮೊದಲ ಮೂರು. 'ಔಟ್‌ಸೈಡರ್' (ಅರಬನೊಬ್ಬನನ್ನು ಕೊಂದು ಮರಣದಂಡನೆಗೆ ಗುರಿಯಾಗುವ ಮೆರ್ಸೋನ ಕಥೆ) 1942ರ ಮೇ ತಿಂಗಳಲ್ಲಿ, ಜರ್ಮನ್ ಆಕ್ರಮಿತ ಪ್ಯಾರಿಸ್ಸಿನಲ್ಲಿ, ಗಾಲಿಮಾರ್ ಪ್ರಕಾಶನದಿಂದ ಬಂತು. 'ಸಿಸಿಫಸ್' ಅದೇ ವರ್ಷ ಅಕ್ಟೋಬರಿನಲ್ಲಿ. ಅದರಲ್ಲಿದ್ದ ಕಾಫ್ಕಾ ಕುರಿತ ಅಧ್ಯಾಯವನ್ನು, ಕಾಫ್ಕಾ ಯಹೂದಿ ಎಂಬ ಕಾರಣಕ್ಕೆ, ತೆಗೆದು ಅಚ್ಚು ಹಾಕಬೇಕಾಯಿತು. ಇಂದಿನ ಪ್ರತಿಗಳಲ್ಲಿ ಅದು ಅನುಬಂಧವಾಗಿ ಕೊನೆಯಲ್ಲಿದೆ.

'ಸಿಸಿಫಸ್'ನ ವಾದವನ್ನು ಹಂತ ಹಂತವಾಗಿ ನೋಡೋಣ, ಎಡವುವುದು ಇಲ್ಲಿಯೇ. ಮೊದಲ ಪ್ರಶ್ನೆ: ಬದುಕು ಬಾಳಲು ಯೋಗ್ಯವೇ, ಅಲ್ಲವೇ? ಉಳಿದ ತಾತ್ವಿಕ ಪ್ರಶ್ನೆಗಳೆಲ್ಲ ಆಮೇಲೆ. ಮುಂದಿನ ಹೆಜ್ಜೆ: ಅಸಂಗತ ಎಲ್ಲಿದೆ? ಜಗತ್ತು ಅಸಂಗತ ಎಂದು ಕಮೂ ಹೇಳುವುದಿಲ್ಲ. ಮನುಷ್ಯ ಅರ್ಥ ಕೇಳುತ್ತಾನೆ, ಜಗತ್ತು ಉತ್ತರ ಕೊಡುವುದಿಲ್ಲ. ಅಸಂಗತ ಇರುವುದು ಈ ಎರಡರ ಮುಖಾಮುಖಿಯಲ್ಲಿ. ಅವರದೇ ಉದಾಹರಣೆ: ಕತ್ತಿ ಹಿಡಿದವನೊಬ್ಬ ಮೆಷಿನ್‌ಗನ್ನುಗಳ ಗುಂಪಿನ ಮೇಲೆ ಏರಿ ಹೋಗುವುದು. ಕತ್ತಿಯಲ್ಲಿ ಅಸಂಗತವಿಲ್ಲ, ಗನ್ನಿನಲ್ಲೂ ಇಲ್ಲ, ಅವುಗಳ ನಡುವಿನ ಅಂತರದಲ್ಲಿದೆ.

ಇದನ್ನು ಒಪ್ಪಿದರೆ ಮೂರನೆಯ ಹೆಜ್ಜೆ ತಾನಾಗಿ ಬರುತ್ತದೆ. ಎರಡು ಪಕ್ಷಗಳಲ್ಲಿ ಒಂದನ್ನು ಅಳಿಸಿ ಸಿಗುವ ಪರಿಹಾರ ಪರಿಹಾರವಲ್ಲ, ಮೋಸ. ಆತ್ಮಹತ್ಯೆ ಕೇಳುವವನನ್ನೇ ಅಳಿಸುತ್ತದೆ. ಕಿಯೆರ್ಕೆಗಾರ್ಡ್, ಶೆಸ್ತೋವ್ ಮುಂತಾದ ಧಾರ್ಮಿಕ ಚಿಂತಕರು ತರ್ಕ ಮುಗಿದಲ್ಲಿಂದ ದೇವರ ಕಡೆಗೆ ನೆಗೆಯುತ್ತಾರೆ, ಅದು ಪ್ರಶ್ನೆಯನ್ನೇ ಅಳಿಸುತ್ತದೆ. ಇದಕ್ಕೆ ಕಮೂ ಕೊಟ್ಟ ಹೆಸರು ತಾತ್ವಿಕ ಆತ್ಮಹತ್ಯೆ. ಎರಡನ್ನೂ ಬಿಟ್ಟರೆ ಉಳಿಯುವುದು ಆ ಮುಖಾಮುಖಿಯನ್ನು ಕಣ್ಣು ಮುಚ್ಚದೆ ಹಿಡಿದಿಟ್ಟುಕೊಂಡು ಬದುಕುವುದು. ಅದರಿಂದ ಅವರು ತೆಗೆಯುವ ಫಲಗಳು ಬಂಡಾಯ, ಸ್ವಾತಂತ್ರ್ಯ, ಬದುಕಿನ ಉತ್ಕಟತೆ. ಸಿಸಿಫಸ್ ಬರುವುದು ಪುಸ್ತಕದ ಕೊನೆಯ ಕೆಲವೇ ಪುಟಗಳಲ್ಲಿ. ಅಲ್ಲಿಯೂ ಕಮೂ ಅವರ ಕಣ್ಣು ಕಲ್ಲು ಮೇಲೇರಿಸುವ ಶ್ರಮದ ಮೇಲಿಲ್ಲ. ಕಲ್ಲು ಉರುಳಿದ ಮೇಲೆ ಅವನು ಬೆಟ್ಟ ಇಳಿದು ಬರುವ ಹೊತ್ತಿದೆಯಲ್ಲ, ತನ್ನ ಸ್ಥಿತಿ ಪೂರ್ತಿ ತಿಳಿದು ನಡೆಯುವ ಆ ಹೊತ್ತು ಅವರಿಗೆ ಮುಖ್ಯ. ಸಿಸಿಫಸ್ ಸುಖಿ ಎಂದು ನಾವು ಕಲ್ಪಿಸಿಕೊಳ್ಳಬೇಕು ಎಂಬ ಕೊನೆಯ ವಾಕ್ಯ ಈ ಇಳಿಜಾರಿಗೆ ಸೇರಿದ್ದು. ವ್ಯಕ್ತಿತ್ವ ವಿಕಸನದ ಪೋಸ್ಟರಿನಲ್ಲಿ ಅದು ಅರ್ಥ ಕೆಡುವುದು ಇಳಿಜಾರನ್ನು ಕತ್ತರಿಸಿದ್ದರಿಂದ.

ಇಲ್ಲಿಗೆ ನಿಲ್ಲಿಸಿದರೆ ಒಂದು ಅಪಾಯವಿದೆ. ಅರ್ಥವೇ ಇಲ್ಲದಿದ್ದರೆ ಏನು ಮಾಡಿದರೂ ನಡೆಯುತ್ತದಲ್ಲವೇ? 'ಕಲಿಗುಲಾ' ಬೇಕಾಗುವುದು ಇಲ್ಲಿ. ತಂಗಿ ದ್ರುಸಿಲ್ಲಾ ಸತ್ತ ಮೇಲೆ ರೋಮ್ ಚಕ್ರವರ್ತಿ ಕಲಿಗುಲಾನಿಗೆ ಒಂದು ಸತ್ಯ ಹೊಳೆಯುತ್ತದೆ: ಮನುಷ್ಯರು ಸಾಯುತ್ತಾರೆ, ಸುಖವಾಗಿಲ್ಲ. ಅದನ್ನು ಅವನು ತರ್ಕದ ತುದಿಯವರೆಗೂ ಎಳೆಯುತ್ತಾನೆ. ಯಾವುದಕ್ಕೂ ಬೆಲೆಯಿಲ್ಲವೆಂದ ಮೇಲೆ ಶ್ರೀಮಂತರ ಪಟ್ಟಿ ಮಾಡಿ, ಆಸ್ತಿ ಬರೆಸಿಕೊಂಡು, ಮನಸ್ಸು ಬಂದ ಕ್ರಮದಲ್ಲಿ ಕೊಲ್ಲಬಹುದು. ತರ್ಕದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ತಪ್ಪು ಬೇರೆಡೆಯಿದೆ: ಇತರರ ವಿರುದ್ಧ ನಿಂತು ಒಬ್ಬನೇ ಸ್ವತಂತ್ರನಾಗಲು ಆಗುವುದಿಲ್ಲ ಎಂದು ಕಮೂ ಆಮೇಲೆ ವಿವರಿಸಿದರು. ಅಂದರೆ 'ಸಿಸಿಫಸ್'ನ ತಪ್ಪು ಓದಿಗೆ ಉತ್ತರವನ್ನು ಅದೇ ಹೊತ್ತಿಗೆ ಅವರೇ ಬರೆದಿಟ್ಟಿದ್ದರು. ಗಿರೀಶ ಕಾರ್ನಾಡರ 'ತುಘಲಕ್' ಜೊತೆ ಇದನ್ನು ಹೋಲಿಸಿ ನಮ್ಮ ವಿಮರ್ಶಕರು ಬರೆದಿದ್ದಾರೆ. ಆದರೆ ಬೆಕೆಟ್, ಅಯನೆಸ್ಕೋ ಮಾದರಿಯ ಅಸಂಗತ ನಾಟಕದ ಸಾಲಿನಲ್ಲಿ 'ಕಲಿಗುಲಾ'ವನ್ನು ಇಡುವುದು ಸರಿಯಲ್ಲ. ಇದು ನಾಲ್ಕು ಅಂಕದ, ಪಾತ್ರಗಳು ಅಚ್ಚುಕಟ್ಟಾಗಿ ವಾದ ಮಾಡುವ, ರೂಪದಲ್ಲಿ ಹಳೆಯ ಕಟ್ಟಿನ ನಾಟಕ.

ಎರಡನೆಯ ಸುತ್ತಿಗೆ ಬರುವ ಮುಂಚೆ ಯುದ್ಧ. 1943ರಿಂದ ಕಮೂ ಭೂಗತ ಪತ್ರಿಕೆ 'ಕೋಂಬಾ'ದಲ್ಲಿ ದುಡಿದರು, ಪ್ಯಾರಿಸ್ ಬಿಡುಗಡೆಯಾದ ಮೇಲೆ ಅದರ ಸಂಪಾದಕೀಯ ಬರೆದರು. ಹಿರೋಶಿಮಾದ ಮೇಲೆ ಬಾಂಬು ಬಿದ್ದ ಎರಡು ದಿನಕ್ಕೆ, 1945ರ ಆಗಸ್ಟ್ 8ರಂದು, ಯಾಂತ್ರಿಕ ನಾಗರಿಕತೆ ಅನಾಗರಿಕತೆಯ ಕೊನೆಯ ಮಜಲು ತಲುಪಿತು ಎಂದು ಬರೆದದ್ದು ಅಲ್ಲಿಯೇ. ಬೇರೆ ಪತ್ರಿಕೆಗಳು ವಿಜ್ಞಾನದ ವಿಜಯವನ್ನು ಕೊಂಡಾಡುತ್ತಿದ್ದ ಹೊತ್ತು ಅದು.

ಆದರೆ ನಾಜಿಗಳ ಜೊತೆ ಕೈಜೋಡಿಸಿದವರಿಗೆ ಮರಣದಂಡನೆ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಇದೇ ಕಮೂ ಮೊದಲು ಕಠಿಣ ನ್ಯಾಯದ ಪರ. ಕ್ಯಾಥೊಲಿಕ್ ಕಾದಂಬರಿಕಾರ ಫ್ರಾಂಸ್ವಾ ಮೊರಿಯಾಕ್ ಕರುಣೆಯ ಪರ. 1945ರ ಜನವರಿಯಲ್ಲಿ ಬ್ರಾಸಿಯಾಕ್ ಎಂಬ ನಾಜಿಪರ ಲೇಖಕನಿಗೆ ಜೀವದಾನ ಕೋರುವ ಮನವಿ ಬಂದಾಗ, ಅವನ ಬಗ್ಗೆ ಅಸಹ್ಯವಿದ್ದೂ ಕಮೂ ಸಹಿ ಹಾಕಿದರು. ಜೀವದಾನ ಸಿಗಲಿಲ್ಲ, ಫೆಬ್ರವರಿ 6ರಂದು ಅವನನ್ನು ಗುಂಡಿಟ್ಟು ಕೊಂದರು. ಈ ವಾದದಲ್ಲಿ ಮೊರಿಯಾಕ್ ಹೇಳಿದ್ದೇ ಸರಿಯಾಗಿತ್ತು ಎಂದು 1948ರಲ್ಲಿ ಪಾದ್ರಿಗಳ ಸಭೆಯೊಂದರಲ್ಲಿ ಕಮೂ ಬಹಿರಂಗವಾಗಿ ಒಪ್ಪಿಕೊಂಡರು. ಮಿತಿ ಎಂಬ ವಿಚಾರ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಈ ವರ್ಷಗಳಲ್ಲಿ ಪೆಟ್ಟು ತಿಂದು ಬಂದದ್ದು.

'ಪ್ಲೇಗ್' 1947ರದು, ಐದು ಭಾಗ, ಪ್ಲೇಗ್ ಹಬ್ಬಿ ಬಾಗಿಲು ಮುಚ್ಚಿದ ಅಲ್ಜೀರಿಯಾದ ಒರಾನ್ ನಗರ. ಕೊರೋನಾ ಕಾಲದಲ್ಲಿ ಎಲ್ಲರೂ ಮತ್ತೆ ಹಿಡಿದದ್ದರಿಂದ ಕಥೆ ಹೇಳಬೇಕಿಲ್ಲ. ನಗರಸಭೆ ಒಂದೇ ದಿನ 6,231 ಇಲಿ ಸುಟ್ಟಿತು ಎಂಬ ಅಂಕಿಯನ್ನು ಸುದ್ದಿಸಂಸ್ಥೆ ರೇಡಿಯೋದಲ್ಲಿ ಓದುತ್ತದೆ. ಜನಕ್ಕೆ ಭಯ ಹುಟ್ಟುವುದು ಇಲಿ ನೋಡಿ ಅಲ್ಲ, ಆ ಅಂಕಿ ಕೇಳಿ. ಅದಕ್ಕಿಂತ ಗಮನಿಸಬೇಕಾದ್ದು ಪಾದ್ರಿ ಪನೆಲೂ ಮಾಡುವ ಎರಡು ಪ್ರವಚನ. ಎರಡನೆಯ ಭಾಗದಲ್ಲಿ ಅವನು ಜನರಿಗೆ ನೀವು ಕಷ್ಟದಲ್ಲಿದ್ದೀರಿ, ಅದಕ್ಕೆ ನೀವು ಅರ್ಹರು ಎನ್ನುತ್ತಾನೆ. ನಾಲ್ಕನೆಯ ಭಾಗದಲ್ಲಿ ನ್ಯಾಯಾಧೀಶ ಒಥೋನನ ಪುಟ್ಟ ಮಗ ನರಳಿ ಸಾಯುವುದನ್ನು ಹಾಸಿಗೆಯ ಪಕ್ಕ ನಿಂತು ನೋಡಿದ ಮೇಲೆ ಮಾಡಿದ ಪ್ರವಚನದಲ್ಲಿ 'ನೀವು' ಹೋಗಿ 'ನಾವು' ಬರುತ್ತದೆ. ಸಿದ್ಧಾಂತವೊಂದು ಒಂದು ಮಗುವಿನ ದೇಹದ ಎದುರು ಬಗ್ಗುವುದು ಹೀಗೆ.

ಅದೇ ತೂಕ 1949ರ 'ದಿ ಜಸ್ಟ್' ನಾಟಕದಲ್ಲಿ ಇನ್ನೂ ನೇರವಾಗಿದೆ. ಕಥೆ ಇತಿಹಾಸದ್ದು. 1905ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ರಾಜವಂಶದ ಸೆರ್ಗೇಯ್‌ನನ್ನು ಕೊಲ್ಲಲು ಇವಾನ್ ಕಲಿಯಾಯೆವ್ ಎಂಬ ಕ್ರಾಂತಿಕಾರಿ ಬಾಂಬು ಹಿಡಿದು ನಿಂತಿದ್ದ. ಗಾಡಿ ಹತ್ತಿರ ಬಂತು, ಒಳಗೆ ಇಬ್ಬರು ಮಕ್ಕಳಿದ್ದರು. ಎಸೆಯಲಿಲ್ಲ. ಎರಡು ದಿನ ಬಿಟ್ಟು ಸೆರ್ಗೇಯ್ ಒಬ್ಬನೇ ಬಂದಾಗ ಎಸೆದ, ಓಡಿ ಹೋಗದೆ ಸಿಕ್ಕಿಬಿದ್ದ, ಗಲ್ಲಿಗೇರಿದ. ಕೊಲೆ ಕೆಲವೊಮ್ಮೆ ಅನಿವಾರ್ಯವಾಗಬಹುದು, ಆದರೂ ಅದಕ್ಕೆ ಸಮರ್ಥನೆಯಿಲ್ಲ ಎಂಬ ಎರಡೂ ಮಾತನ್ನು ಒಟ್ಟಿಗೆ ಹೊತ್ತವನು ಕಲಿಯಾಯೆವ್ ಎಂದು ಕಮೂ ತಿಳಿಯುತ್ತಾರೆ. ನಾಟಕದಲ್ಲಿ ಸ್ಟೆಪಾನ್ ಎಂಬ ಸಂಗಾತಿ ವಾದಿಸುತ್ತಾನೆ: ಇಬ್ಬರು ಮಕ್ಕಳನ್ನು ಉಳಿಸಿದೆ, ಹಸಿವಿನಿಂದ ಸಾಯುವ ಸಾವಿರಾರು ಮಕ್ಕಳ ಗತಿ? ಕಮೂ ಆ ವಾದವನ್ನು ದುರ್ಬಲವಾಗಿ ಬರೆಯಲಿಲ್ಲ, ಅದು ನಾಟಕದ ಹೆಚ್ಚುಗಾರಿಕೆ.

1951ರ 'ರೆಬೆಲ್' ಇದಕ್ಕೆ ಸಿದ್ಧಾಂತದ ರೂಪ. ಗುಲಾಮನೊಬ್ಬ ಒಂದು ದಿನ ಆಗುವುದಿಲ್ಲ ಎನ್ನುತ್ತಾನೆ. ಅವನ 'ಇಲ್ಲ'ದೊಳಗೆ ಒಂದು 'ಹೌದು' ಇದೆ: ನನ್ನಲ್ಲಿ ನೀನು ದಾಟಬಾರದ್ದೊಂದು ಇದೆ, ಅದು ಎಲ್ಲರಲ್ಲೂ ಇದೆ. ನಾನು ಬಂಡೇಳುತ್ತೇನೆ, ಆದ್ದರಿಂದ ನಾವು ಇದ್ದೇವೆ. ಬಂಡಾಯ ಈ ಹುಟ್ಟಿನ ಮಿತಿಯನ್ನು ಮರೆತಾಗ ಕೊಲೆಯ ಯಂತ್ರವಾಗುತ್ತದೆ ಎಂದು ತೋರಿಸಲು ಕಮೂ ಲೇಖಕ ಸಾದ್, ಫ್ರೆಂಚ್ ಕ್ರಾಂತಿಯ ಸೇಂಟ್ ಜಸ್ಟ್, ತತ್ವಜ್ಞಾನಿ ಹೆಗೆಲ್, ರಷ್ಯದ ಕ್ರಾಂತಿಕಾರಿ ನೆಚಾಯೆವ್, ಮಾರ್ಕ್ಸ್ ದಾರಿಯಲ್ಲಿ ಸೋವಿಯತ್ ಬಲವಂತದ ದುಡಿಮೆಯ ಶಿಬಿರಗಳವರೆಗೆ ಬರುತ್ತಾರೆ.

ಗಲಾಟೆ ಆದದ್ದು ಇಲ್ಲಿ. ಸಾರ್ತ್ರರ 'ಲೆ ತಾಂ ಮೊದೆರ್ನ್' ಪತ್ರಿಕೆಯಲ್ಲಿ 1952ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಜಾನ್ಸೋಂ ಕಟುವಾದ ವಿಮರ್ಶೆ ಬರೆದರು. ಕಮೂ ವಿಮರ್ಶಕನ ಹೆಸರೆತ್ತದೆ 'ಮಾನ್ಯ ಸಂಪಾದಕರೇ' ಎಂದು ನೇರ ಸಾರ್ತ್ರರಿಗೆ ಉತ್ತರಿಸಿದರು. ದೊಡ್ಡ ತಪ್ಪು ಅದು, ಚರ್ಚೆ ವ್ಯಕ್ತಿಗಳ ಮೇಲೆ ಹೊರಳಿತು. ನಮ್ಮ ಸ್ನೇಹ ಸುಲಭದ್ದಾಗಿರಲಿಲ್ಲ, ಆದರೂ ಕಳೆದುಕೊಂಡದ್ದಕ್ಕೆ ಮರುಗುತ್ತೇನೆ ಎಂದು ಶುರುಮಾಡಿದ ಸಾರ್ತ್ರ, ನೀವು ಮೂಲ ಗ್ರಂಥಗಳನ್ನು ಓದುವುದಿಲ್ಲ ಎಂದು ಚುಚ್ಚಿದರು. ಇಲ್ಲಿ ನನ್ನ ತೀರ್ಪು ಇಬ್ಭಾಗ. ಹೆಗೆಲ್ ವಿಷಯದಲ್ಲಿ ಸಾರ್ತ್ರರ ಆಕ್ಷೇಪಕ್ಕೆ ಆಧಾರವಿದೆ. ಆ ಅಧ್ಯಾಯಗಳು ಅವಸರದವು, ಒಬ್ಬ ಚಿಂತಕನಿಗೂ ಅವನ ಹೆಸರಲ್ಲಿ ನಡೆದ ಹಿಂಸೆಗೂ ನಡುವಿನ ಮೆಟ್ಟಿಲುಗಳನ್ನು ಕಮೂ ಹಾರಿಬಿಡುತ್ತಾರೆ. ಆದರೆ ಶಿಬಿರಗಳಲ್ಲಿರುವ ದೇಹಗಳ ಬಗ್ಗೆ ಏನು ಹೇಳುತ್ತೀರಿ ಎಂಬ ಕಮೂ ಪ್ರಶ್ನೆಗೆ ಆ ಉತ್ತರಗಳಲ್ಲಿ ಸಮಾಧಾನವಿಲ್ಲ. ಹೆಗೆಲ್ ಓದಿದವರು ಅದನ್ನು ಪಕ್ಕಕ್ಕೆ ಸರಿಸಿದರು.

ಇದೇ ತಕ್ಕಡಿ ಅಲ್ಜೀರಿಯಾದಲ್ಲಿ ಏನಾಯಿತು? 1954ರ ನವೆಂಬರಿನಲ್ಲಿ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. 1956ರ ಜನವರಿ 22ರಂದು ಕಮೂ ಅಲ್ಜಿಯರ್ಸ್‌ಗೆ ಹೋಗಿ, ಎರಡೂ ಕಡೆಯವರು ನಾಗರಿಕರನ್ನಾದರೂ ಮುಟ್ಟಬೇಡಿ ಎಂದು ಮನವಿ ಮಾಡಿದರು. ಹೊರಗೆ ಬಿಳಿಯ ಉಗ್ರವಾದಿಗಳು ಕಮೂಗೇ ಸಾವು ಬರಲಿ ಎಂದು ಕೂಗುತ್ತಿದ್ದರು. ಮನವಿ ಬಿದ್ದುಹೋಯಿತು, ಕಮೂ ಬಹಿರಂಗವಾಗಿ ಮಾತಾಡುವುದನ್ನು ಬಿಟ್ಟು, ಗಲ್ಲು ಶಿಕ್ಷೆಯಾದ ಅಲ್ಜೀರಿಯನ್ನರ ಪ್ರಾಣಕ್ಕಾಗಿ ಒಳಗೊಳಗೇ ಪತ್ರ ಬರೆದರು.

1957ರ ಡಿಸೆಂಬರ್ 12ರಂದು ಸ್ಟಾಕ್‌ಹೋಮಿನಲ್ಲಿ ವಿದ್ಯಾರ್ಥಿಗಳ ಸಭೆ. ಅಲ್ಜೀರಿಯಾದ ಯುವಕನೊಬ್ಬ ಬಿಡದೆ ಪ್ರಶ್ನಿಸಿದ. ನ್ಯಾಯ ಮತ್ತು ತಾಯಿ ಎರಡರಲ್ಲಿ ನಾನು ತಾಯಿಯನ್ನು ಆರಿಸುತ್ತೇನೆ ಎಂದರು ಎಂದು ಜಗತ್ತು ಇಂದಿಗೂ ಉದ್ಧರಿಸುತ್ತದೆ. 'ಲೆ ಮೋಂದ್' ವರದಿಯಲ್ಲಿರುವ ಮಾತು ಬೇರೆ: ಅಲ್ಜಿಯರ್ಸ್ ಬೀದಿಗಳಲ್ಲಿ ಕುರುಡಾಗಿ ನಡೆಯುವ ಭಯೋತ್ಪಾದನೆಯನ್ನೂ ಖಂಡಿಸಲೇಬೇಕು, ಅದು ಒಂದು ದಿನ ನನ್ನ ತಾಯಿಯನ್ನೋ ಕುಟುಂಬವನ್ನೋ ಬಡಿಯಬಹುದು, ನ್ಯಾಯದಲ್ಲಿ ನಂಬಿಕೆಯಿದೆ, ಆದರೆ ನ್ಯಾಯಕ್ಕಿಂತ ಮೊದಲು ತಾಯಿಯನ್ನು ಕಾಯುತ್ತೇನೆ. ಬೀದಿಯ ಬಾಂಬನ್ನು ಕತ್ತರಿಸಿ ತಾಯಿಯನ್ನು ಮಾತ್ರ ಉಳಿಸಿದಾಗ ಅದು ಸ್ವಂತದವರ ಮೇಲಿನ ಮೋಹವಾಗಿ ಕಾಣುತ್ತದೆ. ಪೂರ್ತಿ ಓದಿದರೆ 'ದಿ ಜಸ್ಟ್' ನಾಟಕದ ಗಾಡಿಯೊಳಗಿನ ಇಬ್ಬರು ಮಕ್ಕಳೇ ಅಲ್ಲಿದ್ದಾರೆ.

ಹಾಗೆಂದು ಕಮೂ ಅವರದು ಪೂರ್ತಿ ಸರಿ ಎನ್ನಲಾಗದು. ನಾಗರಿಕರನ್ನು ಕೊಲ್ಲಬಾರದು ಎಂಬುದು ಯುದ್ಧ ಹೇಗೆ ನಡೆಯಬೇಕು ಎಂಬುದಕ್ಕೆ ಉತ್ತರ. ಅಲ್ಜೀರಿಯಾ ಯಾರದು ಎಂಬುದಕ್ಕೆ ಅದು ಉತ್ತರವಲ್ಲ. 1958ರಲ್ಲಿ ಅವರು ಬೆಂಬಲಿಸಿದ್ದು ಲೋರಿಯೋಲ್ ಎಂಬ ಕಾನೂನು ಪ್ರಾಧ್ಯಾಪಕರ ಯೋಜನೆಯನ್ನು, ಫ್ರಾನ್ಸಿನೊಳಗೇ ಉಳಿಯುವ ಒಕ್ಕೂಟದ ಮಾದರಿ. ಆ ಹೊತ್ತಿಗೆ ಅದನ್ನು ಒಪ್ಪುವವರು ಅಲ್ಜೀರಿಯನ್ನರಲ್ಲಿ ಇರಲಿಲ್ಲವೆನ್ನಬಹುದು. ಕಾದಂಬರಿಗಳಲ್ಲೂ ಈ ಕುರುಡು ಇದೆ. 'ಔಟ್‌ಸೈಡರ್'ನಲ್ಲಿ ಸಾಯುವ ಅರಬನಿಗೆ ಹೆಸರಿಲ್ಲ. ವಸಾಹತು ನ್ಯಾಯಾಲಯವೊಂದು ಅರಬನನ್ನು ಕೊಂದ ಬಿಳಿಯನ ತಲೆ ಕಡಿಸುತ್ತಿತ್ತೇ ಎಂದು ಐರಿಷ್ ಲೇಖಕ ಕಾನರ್ ಕ್ರೂಸ್ ಒಬ್ರಿಯೆನ್ 1970ರಲ್ಲಿ ಕೇಳಿದರು, ಸರಿಯಾಗಿಯೇ ಕೇಳಿದರು. 'ಪ್ಲೇಗ್'ನಲ್ಲಿ ಪತ್ರಕರ್ತ ರಾಂಬೇರ್ ಒರಾನ್‌ಗೆ ಬರುವುದೇ ಅರಬರ ಬದುಕಿನ ಸ್ಥಿತಿಯ ವರದಿ ಮಾಡಲು. ಮೊದಲ ಭಾಗದಲ್ಲಿ ಬಂದ ಆ ವಿಷಯ ಮತ್ತೆ ತಲೆಯೆತ್ತುವುದಿಲ್ಲ. ಕಬೀಲಿಯಾದ ಮಕ್ಕಳನ್ನು ಅಷ್ಟು ಹತ್ತಿರದಿಂದ ನೋಡಿ ಬರೆದ ವರದಿಗಾರ ಕಾದಂಬರಿಯೊಳಗೆ ಬರಲೇ ಇಲ್ಲ.

ಮೂರನೆಯ ಸುತ್ತಿನ ಕಾದಂಬರಿ 'ಫಸ್ಟ್ ಮ್ಯಾನ್' ಇದನ್ನು ತಿದ್ದುತ್ತಿತ್ತೋ ಏನೋ. 1960ರ ಜನವರಿ 4ರಂದು ವಿಲ್ಬ್ಲೆವೆನ್ ಬಳಿ ಮಿಶೆಲ್ ಗಾಲಿಮಾರ್ ಓಡಿಸುತ್ತಿದ್ದ ಫಾಸೆಲ್ ವೇಗಾ ಕಾರು ಮರಕ್ಕೆ ಬಡಿದು ಕಮೂ ಅಲ್ಲೇ ತೀರಿಕೊಂಡಾಗ ಅವರ ಚೀಲದಲ್ಲಿ ಅದರ 144 ಪುಟದ ಕರಡು ಇತ್ತು. ಮಗಳು ಕ್ಯಾಥರಿನ್ 1994ರಲ್ಲಿ ಪ್ರಕಟಿಸಿದರು. ಅದರ ನಾಯಕ ನಲವತ್ತರ ಜಾಕ್ ತಂದೆಯ ಸಮಾಧಿಗೆ ಹೋಗಿ ಇಸವಿಗಳನ್ನು ಕಳೆದು ನೋಡುತ್ತಾನೆ: ಕಲ್ಲಿನ ಕೆಳಗಿರುವ ಅಪ್ಪ ತನಗಿಂತ ಕಿರಿಯ.

ಓದುವ ಕ್ರಮದ ಬಗ್ಗೆ ಒಂದಿಷ್ಟು. 'ಔಟ್‌ಸೈಡರ್' ಮುಗಿಸಿದ ವಾರದಲ್ಲೇ 'ಕಲಿಗುಲಾ' ಓದಿ, ಆಮೇಲೆ 'ಸಿಸಿಫಸ್'. ಅದರಲ್ಲಿ ಜರ್ಮನ್ ತತ್ವಜ್ಞಾನಿ ಹುಸೆರ್ಲ್ ಕುರಿತ ಪುಟಗಳಲ್ಲಿ ಸಿಕ್ಕಿಹಾಕಿಕೊಂಡರೆ ಬಿಟ್ಟು ಮುಂದೆ ಹೋಗಿ, ವಾದ ತಪ್ಪುವುದಿಲ್ಲ. 'ಪ್ಲೇಗ್'ನಲ್ಲಿ ನಾಲ್ಕನೆಯ ಭಾಗವನ್ನು ನಿಧಾನವಾಗಿ ಓದಿ. ತಾರೂ ಎಂಬ ಪಾತ್ರ ತನ್ನ ಸರ್ಕಾರಿ ವಕೀಲ ತಂದೆಯ ಬಗ್ಗೆ ಹೇಳುವ ಮಾತು ಅಲ್ಲಿದೆ. 'ರೆಬೆಲ್'ಗೆ ಪೀಠಿಕೆ, ಮೊದಲ ಅಧ್ಯಾಯ, ರಷ್ಯದ ಬಾಂಬುಗಾರರ ಭಾಗ ಮತ್ತು ಕೊನೆಯ ಭಾಗ ಮೊದಲ ಓದಿಗೆ ಸಾಕು, ಆದರೆ 'ದಿ ಜಸ್ಟ್' ಜೊತೆಗಿರಲಿ.

ಇನ್ನೊಂದು ಜೋಡಿ ಇದೆ, ಯಾರೂ ಅಷ್ಟಾಗಿ ಕಟ್ಟುವುದಿಲ್ಲ. ಮರಣದಂಡನೆಯ ಬಗ್ಗೆ 1957ರಲ್ಲಿ ಬಂದ ಪ್ರಬಂಧ 'ಗಿಲೊಟಿನ್ (ತಲೆ ಕಡಿಯುವ ಯಂತ್ರ) ಕುರಿತ ಚಿಂತನೆಗಳು' ಮತ್ತು 'ಔಟ್‌ಸೈಡರ್'ನ ಕೊನೆಯ ಅಧ್ಯಾಯ. ಕಮೂ ಅವರ ತಂದೆ, ಒಂದು ಕುಟುಂಬವನ್ನು ಮಕ್ಕಳ ಸಮೇತ ಕೊಂದವನ ತಲೆ ಕಡಿಯುವುದನ್ನು ನೋಡಲೇಬೇಕೆಂದು ಬೆಳಗಿನ ಜಾವ ಎದ್ದು ಹೋಗಿ, ಬಂದು ಮಾತಾಡದೆ ಮಲಗಿ, ವಾಂತಿ ಮಾಡಿಕೊಂಡರು. ಅಪ್ಪನ ಬಗ್ಗೆ ಮಗನಿಗೆ ತಿಳಿದಿದ್ದ ಕೆಲವೇ ಸಂಗತಿಗಳಲ್ಲಿ ಇದೊಂದು. 'ಔಟ್‌ಸೈಡರ್', ಪ್ರಬಂಧ, 'ಫಸ್ಟ್ ಮ್ಯಾನ್' ಮೂರರಲ್ಲೂ ಬರುತ್ತದೆ. ಪ್ರಬಂಧ ಅಲ್ಲಿಂದ ಅಂಕಿಗಳಿಗೆ ಹೋಗುತ್ತದೆ. ಗಲ್ಲು ನೋಡಿದರೆ ಜನ ಹೆದರುತ್ತಾರೆ ಎನ್ನುವವರಿಗೆ ಕಮೂ ತೋರಿಸುವ ಲೆಕ್ಕ: 1886ರಲ್ಲಿ ಬ್ರಿಸ್ಟಲ್ ಜೈಲಿನ 167 ಮರಣದಂಡನೆಯ ಕೈದಿಗಳಲ್ಲಿ 164 ಮಂದಿ ಒಂದಾದರೂ ಗಲ್ಲು ನೋಡಿದ್ದರು. ಹೆದರಿಸುವುದೇ ಉದ್ದೇಶವಾದರೆ ಜೈಲಿನ ಗೋಡೆಯೊಳಗೆ ಗುಟ್ಟಾಗಿ ಏಕೆ ಕೊಲ್ಲುತ್ತೀರಿ ಎಂದೂ ಕೇಳುತ್ತಾರೆ. ಫ್ರಾನ್ಸ್ 1939ರಲ್ಲೇ ಬಹಿರಂಗ ಶಿರಚ್ಛೇದ ನಿಲ್ಲಿಸಿತ್ತು, ಶಿಕ್ಷೆಯನ್ನೇ ರದ್ದು ಮಾಡಿದ್ದು 1981ರಲ್ಲಿ. ಮರಣದಂಡನೆ ತೆಗೆಯಲು ಧೈರ್ಯವಿಲ್ಲದಿದ್ದರೆ, ಕೈದಿ ನಿದ್ದೆಯಿಂದಲೇ ಸಾವಿಗೆ ಜಾರುವ ಔಷಧವನ್ನಾದರೂ ಕೊಡಿ ಎಂಬುದು ಪ್ರಬಂಧದ ಕೊನೆಯ ಬೇಡಿಕೆ. 1942ರ ಕಾದಂಬರಿಯಲ್ಲಿ ಸೆಲ್ಲಿನೊಳಗಿನ ಮೆರ್ಸೋ ಕೂಡ ಔಷಧದ ಬಗ್ಗೆಯೇ ಯೋಚಿಸುತ್ತಾನೆ. ಅವನಿಗೆ ಬೇಕಾದದ್ದು ಹತ್ತರಲ್ಲಿ ಒಂಬತ್ತು ಸಲ ಕೊಲ್ಲುವಂಥದು, ಉಳಿದ ಒಂದು ಸಲಕ್ಕಾಗಿ. ಗಿಲೊಟಿನ್ನಿನಲ್ಲಿ ಅವನು ಕಂಡುಹಿಡಿದ ದೋಷ ಅದೇ: ಅದು ತಪ್ಪುವುದಿಲ್ಲ, ಒಂದು ವೇಳೆ ತಪ್ಪಿದರೆ ಮತ್ತೆ ಮಾಡುತ್ತಾರೆ, ಹಾಗಾಗಿ ಯಂತ್ರ ಸರಿಯಾಗಿ ಕೆಲಸ ಮಾಡಲಿ ಎಂದು ಸಾಯುವವನೇ ಹಾರೈಸಬೇಕಾಗುತ್ತದೆ.